ಹತ್ತು, ಆರು

ಘಟಪ್ರಭಾ ಬಂದು ಹೋದ ಹನ್ನೊಂದನೇ ದಿನ
ಗಾಡಿ ಮೂರು ಸಲ ಕೆಮ್ಮಿ ಚಾಲೂ ಆತು.
ವೈಪರ್ ತಿರುಗಿತು, ಹಾರ್ನ್ ಒದರಿತು,
ರೇಡಿಯೋ ಸೈತ ಗೊರಗೊರ ಅಂತು.
ಒಂದು ದೀಪ ಮಾತ್ರ ಆರಲಿಲ್ಲ:
ಸೀಟಿನ ಮ್ಯಾಲ ಕೂತ ಒಬ್ಬ ಸಣ್ಣ ಮನುಷ್ಯಾ,
ಎದಿ ಮುಂದ ದುಂಡನ ಚೆಂಡು. ಕೆಂಪಗ.

"ಬಸುರಿ ಕೂತಂಗ ಐತಲ್ರಿ ಮೇಡಂ"
ಅಂತ ನಕ್ಕಳು ಕಲಿಯಾಕ ಬಂದ ದಾಕ್ಷಾಯಣಿ.

ಮುಧೋಳದಾಗ ನನ್ನದು ಒಂದೇ ಗಾಡಿಯ ಡ್ರೈವಿಂಗ್ ಸ್ಕೂಲು.
ಎಡಕ್ಕ, ನನ್ನ ಕಾಲಡಿ, ಇನ್ನೊಂದು ಬ್ರೇಕು.
ಹೆದರಿದಾಗ ಕೆಲವರು ಕಣ್ಣು ಮುಚ್ಚಿಬಿಡತಾರ,
ಅದಕ ಬ್ರೇಕು.
ಬ್ರೇಕು ತಪ್ಪಿದರ ಏರ್‌ಬ್ಯಾಗು.
ಅದೂ ತಪ್ಪಿದರ, ಮುಂದಿಂದಕ್ಕ ನಾ ಹೆಸರಿಟ್ಟಿಲ್ಲ.

ನೀರು ಎಷ್ಟು ಏರಿತ್ತಂತ ಸೀಟೇ ಹೇಳತಿತ್ತು:
ಗೇಣೆತ್ತರಕ್ಕ ಒಂದು ಗೆರಿ, ಚಹಾದ ಬಸಿಯೊಳಗ ಉಳಿಯೂವಂಥಾದ್ದು.
ಒಳಗಿನ ಚಾಪಿ ಕಿತ್ತು ಮಾಳಿಗಿ ಮ್ಯಾಲ ಹಾಕಿದೆ,
ಹಪ್ಪಳದಂಗ ಹೊಳ್ಳಿಸಿ ಹೊಳ್ಳಿಸಿ ಒಣಗಿಸಿದೆ.
ಆದರೂ ಮುಂಜಾನೆ ಬಾಗಲಾ ತಗದರ
ಅದೇ, ಕೊಳತ ಕಬ್ಬಿನ ರವದಿ ವಾಸನಿ.

ಬಸ್ ಸ್ಟ್ಯಾಂಡಿನ ಹತ್ತರ ಒಬ್ಬ ಅಂದ:
"ಮುನ್ನೂರು ಕೊಡ್ರಿ, ದೀಪದ ವೈರ್ ಕತ್ತರಿಸತೇನಿ.
ಕಾಣಲಿಲ್ಲಂದರ ಇಲ್ಲಾ, ಹೌದಲ್ಲರೀ?"
ಎಷ್ಟು ಸೋವಿ.
ಪರ್ಸಿಗೆ ಕೈ ಹೋಗಿತ್ತು, ಸುಳ್ಳ್ಯಾಕ ಹೇಳಲಿ.

ದಾವಲಸಾಬ ಅತ್ತಾರನ ಅಂಗಡಿಗೆ ಬೋರ್ಡಿಲ್ಲ.
ಬಂದವನೇ ಬ್ಯಾಟರಿ ತಂತಿ ಬಿಚ್ಚಿದ,
ಕೈ ಕಟ್ಟಿಕೊಂಡು ಕೂತುಬಿಟ್ಟ.
"ಏನ ಕಾಯಾಕತ್ತೀರಿ?"
"ಹತ್ತು ನಿಮಿಷರೀ. ಕರೆಂಟ ತಗದರೂ
ಅದರ ಹೊಟ್ಟ್ಯಾಗ ಒಂದು ಗುಟುಕು ಉಳದಿರತೈತಿ.
ಈಗ ಮುಟ್ಟಿದರ ಮಾರಿಗೇ ಹಾರತೈತಿ."
ಸತ್ತವರ ಮನಿ ಪಡಸಾಲ್ಯಾಗ ಕೂತಂಗ ಕೂತಿವಿ.
ಹೊಳಿ ಯಾರ್ಯಾರ ಮನಿ ಹೊಕ್ಕಿತಂತ ಅವ ಎಣಿಸಿದ,
ತನ್ನದನ್ನ ಕಡೀಕ ಹೇಳಿದ.

ಆಮ್ಯಾಲ ಸೀಟಿನ ಕೆಳಗ ತಲಿ ಹಾಕಿ
ಅರಿಷಿಣ ಬಣ್ಣದ ಜೋಡು ಬಿಡಿಸಿದ.
ಒಳಗ ಹಿತ್ತಾಳಿ ಗಿಂಡಿಗೆ ಬರೂವಂಥಾ ಹಸರು ಕಿಲುಬು,
ಸಾಸಿವಿ ಕಾಳಿನಷ್ಟು ಎರಿಮಣ್ಣು.
ಟೆಸ್ಟರ್ ಹಚ್ಚಲಿಲ್ಲ. ಹಳೇ ಹಲ್ಲುಜ್ಜೂ ಬ್ರಷ್ಷಿಲೆ,
ಕೂಸಿನ ಕಿವಿ ಒರಸಿದಂಗ ಒರಸಿದ.
ದೀಪ ಆರಿತು. ನಾ ಪೇಢೆ ತಂದೆ.

ಜಮಖಂಡಿ ರಸ್ತಾದ ಮೊದಲನೇ ಹಂಪಿನ್ಯಾಗ
ಸಣ್ಣ ಮನುಷ್ಯಾ ಮತ್ತ ಬಂದು ಕೂತ.

ಪೇಢೆ ತಿಂದ ಬಾಯಿಲೇ ದಾವಲಸಾಬ ಅಂದ:
"ಗೇರಿನ ಕೆಳಗಿನ ಡಬ್ಬೀನ ನೀರು ಕುಡದೈತ್ರಿ.
ಅದಕ್ಕ ಔಷಧ ಇಲ್ಲ. ಹೊಸಾದು ಬೆಳಗಾವಿಂದ ಬರಬೇಕು."
ಹನ್ನೊಂದು ಸಾವಿರ. ಎಂಟು ದಿನ.
ಎಂಟೂ ದಿನ ದಾಕ್ಷಾಯಣಿ ನಮ್ಮ ಕಟ್ಟಿ ಮ್ಯಾಲ
ಪರಾತ ಹಿಡದು ಎಡಕ್ಕ ಬಲಕ್ಕ ತಿರುವಿದಳು.
ಪರಾತದಾಗ ರಿವರ್ಸ್ ಸೈತ ಕಲತಳು.

ಡಬ್ಬಿ ಕೂಡಿಸಿದ ದಿನ ಕೀಲಿ ತಿರುವಿದರ
ದೀಪ ಹತ್ತಿತು. ನನ್ನ ಎದಿ ಧಸಕ್ಕಂತು.
"ತಡೀರಿ," ಅಂದ, "ಎಣಸ್ರಿ."
ಒಂದು, ಎರಡು, ಮೂರು,
ನಾಕು, ಐದು,
ಆರು.
ಆರಿತು.
"ಹತ್ತಬೇಕ್ರಿ, ಆಮ್ಯಾಲ ಆರಬೇಕು.
ಹತ್ತಲಾರದ ದೀಪ ನಂಬಬ್ಯಾಡ್ರಿ."

ಈಗ ಕ್ಲಚ್ಚಿಗಿಂತ ಮೊದಲ ನಾ ಕಲಸೂದು ಇದನ್ನ.

ಮೊನ್ನೆ ದಾಕ್ಷಾಯಣಿ ಹಳೇ ಗಾಡಿ ಕೊಳ್ಳಾಕ ನಿಂತಳು,
ನನ್ನ ಕರಕೊಂಡು ಹ್ವಾದಳು.
ಸೆಂಟು ಹೊಡದ ಸೀಟು, ಹೊಸಾ ಕವರು.
"ಒಂದು ದೀಪಾನೂ ಇಲ್ಲ ನೋಡ್ರಿ," ಅಂದ ಮಾರಾವ,
"ಕನ್ನಡಿ ಇದ್ದಂಗ ಐತಿ."
ಆಕಿ ಕೀಲಿ ತಿರುವಿ ಎಣಿಸಾಕ ಹತ್ತಿದಳು,
ಒಂದು, ಎರಡು,
ಆರು ಆತು, ಹತ್ತು ಆತು.
ಕತ್ತಲ.

ಇಬ್ಬರೂ ಬಗ್ಗಿ ಚಾಪಿ ಎತ್ತಿ ಮೂಸಿದಿವಿ.
ರವದಿ.